ಎಲ್ಲ ಕೀಲು ನೋವೂ ವಾಯುವಲ್ಲ: ಗಡಿಯಾರ ನೋಡಿ ನೋವನ್ನು ಗುರುತಿಸುವುದು ಹೇಗೆ?

ಕಲಬುರಗಿ ಕಡೆ ಕೀಲು ನೋವಿಗೆ ಇರುವುದು ಒಂದೇ ಹೆಸರು, ವಾಯು. ಅದಕ್ಕೆ ಹೇಳುವ ಪಥ್ಯವೂ ಒಂದೇ, ತೊಗರಿ ಬೇಳೆ ಬಿಡು. ತೊಗರಿಯ ಕಣಜ ಎನಿಸಿಕೊಂಡು, 2019ರಲ್ಲಿ ತನ್ನ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದ ಜಿಲ್ಲೆಯಲ್ಲಿ ಬೇಳೆ ಬಿಟ್ಟರೆ ಅರ್ಧ ಊಟ ಬಿಟ್ಟಂತೆ. ನನ್ನ ಚಿಗವ್ವ ಎರಡು ವರ್ಷ ಬಿಟ್ಟಳು. ಬೆರಳುಗಳು ಸೊಟ್ಟಗಾಗುತ್ತಲೇ ಹೋದವು. ಅವಳಿಗಿದ್ದದ್ದು ರುಮಟಾಯ್ಡ್ ಆರ್ಥ್ರೈಟಿಸ್, ನಮ್ಮ ಹಳೆಯ ಮಾತಿನಲ್ಲಿ ಆಮವಾತ. ಅದಕ್ಕೂ ಬೇಳೆಗೂ ಸಂಬಂಧವೇ ಇರಲಿಲ್ಲ.

ಆರ್ಥ್ರೈಟಿಸ್ ಎಂಬ ಒಂದು ಹೆಸರಿನಡಿ ನೂರಕ್ಕೂ ಹೆಚ್ಚು ಕಾಯಿಲೆಗಳಿವೆ. ಯಾವುದೆಂದು ತೀರ್ಮಾನಿಸುವುದು ವೈದ್ಯರ ಕೆಲಸ. ಆದರೆ ಅವರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಇರುವುದು ನಿಮ್ಮ ಬಳಿ ಮಾತ್ರ. ಒಂದು ನೋಟ್‌ಬುಕ್ ತೆಗೆದುಕೊಂಡು ಒಂದು ವಾರ ಬರೆದಿಡಿ.

ಹೆಜ್ಜೆ 1: ಬರೆಯುತ್ತ ಕೂರಬಾರದ ನೋವು

ಒಂದೇ ಕೀಲು ಏಕಾಏಕಿ ಊದಿ, ಕೆಂಪಾಗಿ, ಮುಟ್ಟಿದರೆ ಬಿಸಿಯಾಗಿ, ಜೊತೆಗೆ ಜ್ವರವೂ ಬಂದರೆ ನೋಟ್‌ಬುಕ್ ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಲಿನೊಳಗೆ ಸೋಂಕು ಸೇರಿದ್ದರೆ ಕೆಲವೇ ದಿನಗಳಲ್ಲಿ ಮೂಳೆಯ ತುದಿಗಿರುವ ನುಣುಪಾದ ಹೊದಿಕೆ, ಅಂದರೆ ಮೃದ್ವಸ್ಥಿ, ಹಾಳಾಗಿಬಿಡುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಸ್ಟೀರಾಯ್ಡ್ ನುಂಗುತ್ತಿರುವವರಿಗೆ ಈ ಅಪಾಯ ಹೆಚ್ಚು.

ಹೆಜ್ಜೆ 2: ರೊಟ್ಟಿಯ ಹೊತ್ತಿನಲ್ಲಿ ಕೈ ಹೇಗಿರುತ್ತದೆ?

ನಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಬೆಳಗ್ಗೆ ಏಳಕ್ಕೆ ಜೋಳದ ಹಿಟ್ಟು ನಾದಲು ಕೂತರೆ ಬೆರಳು ಮಡಚಲಾಗುವುದಿಲ್ಲ, ರೊಟ್ಟಿ ಬಡಿಯಲು ಅಂಗೈ ಅಗಲಿಸಲಾಗುವುದಿಲ್ಲ. ಒಂಬತ್ತರ ಹೊತ್ತಿಗೆ ಅದೇ ಕೈ ಸರಾಗ. ಹೀಗೆ ಬೆಳಗಿನ ಬಿಗಿತ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಉಳಿದು, ಓಡಾಡಿದಂತೆ ಸಡಿಲವಾದರೆ ಅದು ಉರಿಯೂತದ ಲಕ್ಷಣ. ರುಮಟಾಯ್ಡ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಪೊರೆ ಊದಿಕೊಳ್ಳುತ್ತದೆ, ನಂತರ ಪಕ್ಕದ ಮೂಳೆಯನ್ನೂ ಕೊರೆಯುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದು ಸವೆತದ ನೋವು, ಅಂದರೆ ಕೀಲಿನ ಮೃದ್ವಸ್ಥಿ ಸವೆದು ಬರುವ ಆಸ್ಟಿಯೋಆರ್ಥ್ರೈಟಿಸ್. ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ದಿನವಿಡೀ ನಿಂತು, ಮೆಟ್ಟಿಲು ಹತ್ತಿ ಇಳಿದ ಮೇಲೆ ಸಂಜೆಗೆ ನೋವು ಏರುತ್ತದೆ, ಕೂತರೆ ಇಳಿಯುತ್ತದೆ. ಆದ್ದರಿಂದ ನೋವು ಎಷ್ಟಿದೆ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಯಿತು ಎಂಬುದನ್ನು ಬರೆಯಿರಿ.

ನಲವತ್ತರೊಳಗಿನ ಹುಡುಗರ ಬಗ್ಗೆ ಇಲ್ಲೊಂದು ಮಾತು. ತಿಂಗಳುಗಟ್ಟಲೆ ಸೊಂಟ ನೋವು, ನಸುಕಿನಲ್ಲಿ ಎಚ್ಚರವಾಗುವಷ್ಟು ಬಿಗಿತ, ನಡೆದಾಡಿದರೆ ಆರಾಮ ಎಂದಾದರೆ ಬೈಕ್ ಸವಾರಿಯ ಮೇಲೆ ಗೂಬೆ ಕೂರಿಸಬೇಡಿ. ಅದು ಬೆನ್ನುಮೂಳೆಯ ಉರಿಯೂತವಾಗಿರಬಹುದು.

ಹೆಜ್ಜೆ 3: ಯಾವ ಕೀಲು, ಒಂದೋ ಜೋಡಿಯೋ?

ಕಾಗದದ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆದು, ನೋಯುವ ಕಡೆ ಚುಕ್ಕೆ ಇಡಿ. ಮಣಿಕಟ್ಟು, ಬೆರಳಿನ ಬುಡ ಮತ್ತು ನಡುವಿನ ಗೆಣ್ಣು ಎರಡೂ ಕೈಯಲ್ಲಿ ಊದಿದ್ದರೆ ರುಮಟಾಯ್ಡ್ ಅನುಮಾನ ಬಲವಾಗುತ್ತದೆ. ಇದು ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಧೂಮಪಾನ ಇದರ ಅಪಾಯ ಹೆಚ್ಚಿಸುತ್ತದೆ. ಉಗುರಿನ ಪಕ್ಕದ ಕೊನೆಯ ಗೆಣ್ಣು, ಹೆಬ್ಬೆರಳಿನ ಬುಡ, ಮೊಣಕಾಲು ನೋಯುತ್ತಿದ್ದರೆ ಸವೆತದ ಸಾಧ್ಯತೆ ಹೆಚ್ಚು. ಚರ್ಮದಲ್ಲಿ ಸೋರಿಯಾಸಿಸ್ (ಹೊಟ್ಟೇಳುವ ಕೆಂಪು ಕಲೆಗಳ ಕಾಯಿಲೆ) ಇದ್ದರೆ ಅದನ್ನೂ ಬರೆಯಿರಿ, ಅದು ಕೀಲಿಗೂ ಇಳಿಯಬಹುದು. ಕೀಲಿಗೂ ಚರ್ಮಕ್ಕೂ ಏನು ನಂಟು ಎಂದು ಮುಚ್ಚಿಡುವವರೇ ಬಹಳ.

ಹೆಜ್ಜೆ 4: ನಿಮ್ಮ ಕೆಲಸ, ನಿಮ್ಮ ತೂಕ

ದಿನವಿಡೀ ಕುಕ್ಕರಗಾಲಿನಲ್ಲಿ ಕಳೆ ತೆಗೆಯುವವರು, ಶಹಾಬಾದ್ ಫರಸಿಯ ಗಣಿಯಲ್ಲಿ ಮೊಣಕಾಲೂರಿ ಕಲ್ಲು ಎತ್ತುವವರು, ಹಳೆಯ ಪೆಟ್ಟು ತಿಂದ ಮೊಣಕಾಲಿನವರು, ಮುಟ್ಟು ನಿಂತ ಹೆಂಗಸರು ಸವೆತಕ್ಕೆ ಬೇಗ ಸಿಗುತ್ತಾರೆ. ಕೆಲಸ ಬಿಡಿ ಎಂದು ಹೇಳುವುದು ಸುಲಭ, ಹಾಗಾಗಿ ಹೇಳುವುದಿಲ್ಲ. ಕಳೆ ತೆಗೆಯುವಾಗ ಕೂರಲು ಒಂದು ಗೇಣೆತ್ತರದ ಮಣೆ, ಗಂಟೆಗೊಮ್ಮೆ ಎದ್ದು ನಿಲ್ಲುವುದು, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ಇಷ್ಟು ಸಾಧ್ಯ. ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ಸುಮಾರು 4 ಕೆಜಿ ಇಳಿಯುತ್ತದೆ.

ಹೆಜ್ಜೆ 5: ಬೇಳೆಯ ಪಂಚಾಯಿತಿ

ರಾತ್ರಿ ಮಲಗುವಾಗ ಚೆನ್ನಾಗಿದ್ದ ಕಾಲಿನ ಹೆಬ್ಬೆರಳು ನಸುಕಿಗೆ ಕೆಂಡವಾಗಿ, ಚಾದರ ತಾಕಿದರೂ ಚೀರುವಂತಾದರೆ ಅದು ಗೌಟ್ ಇರಬಹುದು. ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದಾಗ ಅದು ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರತೊಡಗುತ್ತದೆ. ಬೇಳೆಗೆ ಅಪವಾದ ಬಂದದ್ದು ಇಲ್ಲಿಂದಲೇ, ದೇಹದಲ್ಲಿ ಯೂರಿಕ್ ಆಮ್ಲವಾಗುವ ಪ್ಯೂರಿನ್ ಅದರಲ್ಲೂ ಇದೆ ಎಂದು. ಆದರೆ ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೌಟ್ ಅಪಾಯ ಹೆಚ್ಚಿಸಿದ್ದು ಮಾಂಸ ಮತ್ತು ಮೀನು. ಬೇಳೆ, ಬಟಾಣಿ, ಪಾಲಕ್ ಹೆಚ್ಚಿಸಲಿಲ್ಲ. ಹಾಲಿನ ಪದಾರ್ಥಗಳು ಅಪಾಯವನ್ನು ತಗ್ಗಿಸಿದವು, ಎಂದರೆ ನಮ್ಮ ಮಜ್ಜಿಗೆಗೆ ಅಂಜಬೇಕಿಲ್ಲ. ಗೌಟ್ ಇದ್ದವರು ಕಡಿವಾಣ ಹಾಕಬೇಕಾದದ್ದು ಕಲೀಜಿ (ಯಕೃತ್ತು), ಗುರ್ದಾ (ಮೂತ್ರಪಿಂಡ), ಬಿಯರ್ ಮತ್ತು ಬಾಟಲಿಯ ಸಿಹಿ ಪಾನೀಯಗಳಿಗೆ. ನಮ್ಮ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೂ ಗೌಟ್ ಕೆರಳಬಹುದು. ಕಿಡ್ನಿ ಕಾಯಿಲೆ ಇರುವವರು ಮಾತ್ರ ಬೇಳೆಯ ಅಳತೆಯನ್ನು ವೈದ್ಯರಿಂದ ಕೇಳಿಕೊಳ್ಳಿ. ಆ ಲೆಕ್ಕ ಬೇರೆ.

ಹೆಜ್ಜೆ 6: ಯಾವ ನೀರು, ಯಾವ ಜ್ವರ?

ಈ ಪ್ರಶ್ನೆಯನ್ನು ಬೆಂಗಳೂರಿನ ವೈದ್ಯರು ಕೇಳದೆ ಬಿಡಬಹುದು, ನೀವೇ ಹೇಳಿ. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನೇ ಕುಡಿದವರಲ್ಲಿ ಕುತ್ತಿಗೆ, ಬೆನ್ನು, ಮೊಣಕಾಲು ಬಿಗಿದುಕೊಂಡು ನೋಡುವವರಿಗೆ ಆರ್ಥ್ರೈಟಿಸ್‌ನಂತೆಯೇ ಕಾಣುತ್ತದೆ. ಊರಿನ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟಿ ಇದ್ದರೆ ನೀರನ್ನು ಪರೀಕ್ಷೆಗೆ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಇನ್ನೊಂದು, ಚಿಕೂನ್‌ಗುನ್ಯಾ. 2006ರ ಹಾವಳಿಯನ್ನು ಉಂಡವರಿಗೆ ವಿವರಿಸಬೇಕಿಲ್ಲ. ಜ್ವರ ವಾರದಲ್ಲಿ ಬಿಟ್ಟರೂ ಕೀಲು ನೋವು ತಿಂಗಳುಗಟ್ಟಲೆ ಬಿಡಲಿಲ್ಲ. ನೋವಿಗೆ ಮುಂಚೆ ಜ್ವರ ಬಂದಿದ್ದರೆ ತಾರೀಖು ಬರೆದಿಡಿ.

ಹೆಜ್ಜೆ 7: ಚೀಲದಲ್ಲಿ ಏನಿರಬೇಕು?

ಒಂದು ರಕ್ತಪರೀಕ್ಷೆಯ ಚೀಟಿ ಹಿಡಿದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ರುಮಟಾಯ್ಡ್ ಪತ್ತೆಗೆ ರಕ್ತದಲ್ಲಿ ನೋಡುವ ಆರ್.ಎ. ಫ್ಯಾಕ್ಟರ್ ಆರೋಗ್ಯವಂತರಲ್ಲೂ ಕಾಣಿಸುತ್ತದೆ, ರುಮಟಾಯ್ಡ್ ಇದ್ದವರಲ್ಲಿ ಕಾಣದೆಯೂ ಇರುತ್ತದೆ. ಗೌಟ್ ಕೆರಳಿದ ದಿನ ಯೂರಿಕ್ ಆಮ್ಲ ಸಹಜವಾಗಿಯೇ ಇರಬಹುದು. ರುಮಟಾಯ್ಡ್ ಎಂದು ಖಚಿತವಾದರೆ ಮೊದಲ ಕೆಲವು ತಿಂಗಳಲ್ಲೇ ಔಷಧ ಶುರುವಾಗಬೇಕು; ಆಮೇಲೆ ಸೊಟ್ಟಗಾದ ಬೆರಳನ್ನು ಗುಳಿಗೆ ನೆಟ್ಟಗಾಗಿಸದು. ಇದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಗುಳಿಗೆ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ವಾರದ ಯಾವ ದಿನ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.

ನೋಟ್‌ಬುಕ್ ಜೊತೆಗೆ ಈವರೆಗೆ ನುಂಗಿದ ಎಲ್ಲ ಗುಳಿಗೆಗಳ ಹಾಳೆಗಳನ್ನೂ ಒಯ್ಯಿರಿ. ಎರಡೇ ದಿನದಲ್ಲಿ ನೋವು ಮಾಯ ಮಾಡಿದ, ಹೆಸರಿಲ್ಲದ ಪುಡಿ ಸಂತೆಯಲ್ಲಿ ಸಿಕ್ಕಿದ್ದರೆ ಅದನ್ನೂ ಪೊಟ್ಟಣ ಸಮೇತ ತೋರಿಸಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮುಖ ಊದಿದೆಯೇ, ಸಕ್ಕರೆ ಏರಿದೆಯೇ ಎಂದು ವೈದ್ಯರು ಆಗ ನೋಡುತ್ತಾರೆ. ತಿಂಗಳುಗಟ್ಟಲೆ ತಿಂದಿದ್ದರೆ ಅದನ್ನು ನೀವಾಗಿಯೇ ಒಮ್ಮೆಲೆ ನಿಲ್ಲಿಸಬೇಡಿ, ಅವರು ಹೇಳಿದಂತೆ ಇಳಿಸಿ.