ವೆಲ್ಲೆಸ್ಲಿ ಸೇತುವೆಗೆ ಕೆಳಗಿನಿಂದ ಬೆಳಕು

ಸಂಕ್ರಾಂತಿಯ ಸಂಜೆ ಶ್ರೀರಂಗಪಟ್ಟಣದ ರಂಗನಾಥಸ್ವಾಮಿ ದೇವಸ್ಥಾನದ ಮುಂದೆ ಲಕ್ಷ ದೀಪೋತ್ಸವ ನಡೆಯುತ್ತದೆ. ಊರಿಗೆ ಊರೇ ಎಣ್ಣೆ, ಬತ್ತಿ ಹಿಡಿದು ಹೊರಗೆ ಬಂದಿರುತ್ತದೆ. ಅದೇ ಸಂಜೆ ಕಾವೇರಿಯ ಮೇಲಿನ ವೆಲ್ಲೆಸ್ಲಿ ಸೇತುವೆಗೂ ಬೆಳಕು ಕೊಡೋಣ ಎಂದು ನಮ್ಮ ಬೀದಿಯವರು ಹೊರಟರು. ಮದುವೆ, ಜಾತ್ರೆಗಳಿಗೆ ಲೈಟಿಂಗ್ ಮಾಡುವವನು ಎಂದು ನನ್ನನ್ನು ಹಿಡಿದುಕೊಂಡರು.

ಅವರ ಮನಸ್ಸಿನಲ್ಲಿದ್ದದ್ದು ಸೀರಿಯಲ್ ಸೆಟ್. ಸೇತುವೆಯ ಎರಡೂ ಬದಿಗೆ ಬಣ್ಣ ಬದಲಿಸುವ ಸರ ಎಳೆದುಬಿಟ್ಟರೆ ಕೆಲಸ ಮುಗಿಯಿತು ಎಂಬ ಲೆಕ್ಕ. ನಾನು ಒಪ್ಪಲಿಲ್ಲ. ಪೂರ್ಣಯ್ಯನವರು ದಿವಾನರಾಗಿದ್ದಾಗ ಕಟ್ಟಿಸಿ 1804ರಲ್ಲಿ ಮುಗಿದ ಸೇತುವೆ ಇದು. ಆಗಿನ ಗವರ್ನರ್ ಜನರಲ್ ಹೆಸರು ಹೊತ್ತಿದ್ದರೂ ಇದರ ಕಟ್ಟಡ ನಮ್ಮ ದೇವಸ್ಥಾನದ ಮಂಟಪದ ಹಾಗೆಯೇ ಇದೆ: ಕಲ್ಲಿನ ಕಂಬ, ಕಂಬದ ತಲೆಯ ಮೇಲೆ ಮುಂಚಾಚಿದ ಬೋದಿಗೆ, ಅದರ ಮೇಲೆ ಉದ್ದನೆಯ ಕಲ್ಲಿನ ತೊಲೆ. ನೋಡಬೇಕಾದದ್ದೆಲ್ಲ ಕೆಳಗಿದೆ. ಮೇಲೆ ಸರ ಕಟ್ಟಿದರೆ ಕತ್ತಲಲ್ಲಿ ಒಂದು ಮಿನುಗುವ ಗೆರೆ ಕಾಣುತ್ತದೆ, ಅಷ್ಟೇ. ಅಂಥ ಗೆರೆಯನ್ನು ಯಾವ ಕಲ್ಯಾಣ ಮಂಟಪದ ಮುಂದೆ ಬೇಕಾದರೂ ನೋಡಬಹುದು.

ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲವೆಂದು ಗೊತ್ತಿತ್ತು. ಒಂದು ಸಂಜೆ ದಡದ ಕಂಬವೊಂದರ ಬಳಿ ಎಲ್ಲರನ್ನೂ ನಿಲ್ಲಿಸಿಕೊಂಡು, ಮೊದಲು ದೊಡ್ಡ ಫ್ಲಡ್ ಲೈಟನ್ನು ಎದುರಿನಿಂದ ಹಾಕಿದೆ. ಕಂಬ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಯಿತು. ಅದನ್ನು ಆರಿಸಿ, ಕಂಬದ ಬುಡದಿಂದ ಒಂದು ಗೇಣು ದೂರದಲ್ಲಿ ಕಿರಿದಾದ ಕಿರಣದ ಚಿಕ್ಕ ಎಲ್‌ಇಡಿ ಇಟ್ಟು ನೇರ ಮೇಲಕ್ಕೆ ತಿರುಗಿಸಿದೆ. ಬೆಳಕು ಕಲ್ಲನ್ನು ಸವರಿಕೊಂಡು ಏರಿತು. ಉಬ್ಬಿದ ಕಡೆಯೆಲ್ಲ ಬೆಳಗಿ, ತಗ್ಗಿನಲ್ಲೆಲ್ಲ ನೆರಳು ನಿಂತು, ಒರಟು ಕಲ್ಲಿನ ಮೈಯೆಲ್ಲ ಎದ್ದು ಕಂಡಿತು. ಬೋದಿಗೆಯ ನೆರಳು ತೊಲೆಯ ತಳಕ್ಕೆ ಬಿತ್ತು. ಸೀರಿಯಲ್ ಸೆಟ್ ಮಾತು ಅಲ್ಲಿಗೆ ನಿಂತಿತು. ಬಣ್ಣವನ್ನೂ ಅಲ್ಲೇ ತೀರ್ಮಾನಿಸಿದೆವು. 6500 ಕೆಲ್ವಿನ್‌ನ ಬಿಳಿ ಬೆಳಕಿನಲ್ಲಿ ಕಲ್ಲು ಬೂದಿ ಬಳಿದಂತೆ ಸಪ್ಪೆಯಾಗುತ್ತದೆ. 2700ರ ಹಳದಿ ಬೆಳಕಿನಲ್ಲಿ ಅದಕ್ಕೆ ಜೀವ ಬರುತ್ತದೆ, ಹುಳುಗಳೂ ಕಡಿಮೆ ಮುತ್ತುತ್ತವೆ.

ಆಮೇಲೆ ಅರ್ಜಿ, ಅನುಮತಿ, ವಿದ್ಯುತ್ ಕಂಪನಿ ಸೆಸ್ಕ್‌ನಿಂದ ತಾತ್ಕಾಲಿಕ ಸಂಪರ್ಕ. ಅದರ ಓಡಾಟದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ, ಬಿಡಿ. ಚಂದಾ ಎತ್ತುವ ಕೆಲಸ ಹುಡುಗರದು. ಪೆಂಡಾಲ್‌ನವರು ಜನರೇಟರ್ ಎರವಲು ಕೊಟ್ಟರು.

ವಯರಿಂಗ್ ವಿಚಾರ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀರಿನ ಮಗ್ಗುಲಲ್ಲಿ ಕರೆಂಟ್ ಆಟದ ವಸ್ತುವಲ್ಲ. ಕೈಗೆ ಸಿಗುವ ದೀಪಗಳೆಲ್ಲ 24 ವೋಲ್ಟಿನವೇ ಆಗಬೇಕು ಎಂದು ಹಟ ಹಿಡಿದೆ. ಆದರೆ 24 ವೋಲ್ಟನ್ನು ದಡದಿಂದಲೇ ಎಳೆದುಕೊಂಡು ಹೋಗಲು ಆಗುವುದಿಲ್ಲ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿದರೆ, 100 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 14 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಕೊನೆಯ ದೀಪಕ್ಕೆ ಉಳಿಯುವುದೇನು? ಆದ್ದರಿಂದ 230 ವೋಲ್ಟಿನ ಕೇಬಲನ್ನು ಪೈಪಿನೊಳಗೆ ಸೇತುವೆಯ ಮೇಲ್ಭಾಗದಲ್ಲಿ ಒಯ್ದು, ಅಲ್ಲಲ್ಲಿ ನೀರು ಹೋಗದ ಪೆಟ್ಟಿಗೆಗಳಲ್ಲಿ ವೋಲ್ಟೇಜ್ ತಗ್ಗಿಸುವ ಡ್ರೈವರ್ ಇಟ್ಟು, ಅಲ್ಲಿಂದ ಕೆಳಕ್ಕೆ 24 ವೋಲ್ಟ್ ಇಳಿಸಿದೆವು. ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗಿ ಕರೆಂಟ್ ಕಡಿಯುವ ಸುರಕ್ಷತಾ ಸ್ವಿಚ್, ಅಂದರೆ ಆರ್‌ಸಿಸಿಬಿ. ಅದಕ್ಕೆ ಪ್ರತ್ಯೇಕ ಅರ್ತಿಂಗ್.

ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯಬಾರದೆಂಬುದು ಇನ್ನೊಂದು ಷರತ್ತು. ಸ್ಟ್ಯಾಂಡ್‌ಗಳನ್ನೆಲ್ಲ ಮರಳು ಚೀಲದ ಭಾರದಿಂದಲೇ ನಿಲ್ಲಿಸಿದೆವು. ನದಿಯ ನಡುವಿನ ಕಂಬಗಳ ಹತ್ತಿರ ಹೋಗಲು ತೆಪ್ಪ ಬೇಕಾಯಿತು. ತೆಪ್ಪದ ಹಿರಿಯರಿಗೆ ಅಲ್ಲಿನ ಒಂದೊಂದು ಬಂಡೆಯೂ ಪರಿಚಯ. ಎಲ್ಲಿ ಪಾಚಿ ಇದೆ, ಜನವರಿಯಲ್ಲಿ ಯಾವ ಬಂಡೆ ಒಣಗಿರುತ್ತದೆ ಎಂದು ದೂರದಿಂದಲೇ ಹೇಳುತ್ತಿದ್ದರು. “ಹೊತ್ತು ಮುಳುಗುವ ಮುಂಚೆ ಮೇಲೆ ಹತ್ತಿಬಿಡಿ ಸ್ವಾಮಿ, ಮೊಸಳೆಗೆ ನಿಮ್ಮ ಹಬ್ಬ ಗೊತ್ತಿಲ್ಲ” ಎಂದರು. ನದಿಪಾತ್ರದ ಕೆಲಸವನ್ನೆಲ್ಲ ಹಗಲಲ್ಲೇ ಮುಗಿಸಿದೆವು.

ಎಣ್ಣೆ ದೀಪದ ಬಗ್ಗೆ ದೊಡ್ಡ ಜಗಳವೇ ಆಯಿತು. ಸೇತುವೆಯ ಉದ್ದಕ್ಕೂ ಹಣತೆ ಸಾಲು ಇರಲೇಬೇಕು ಎಂದು ಹೆಂಗಸರು ಪಟ್ಟು ಹಿಡಿದರು. ಕಲ್ಲು ಎಣ್ಣೆ ಕುಡಿದರೆ ಕಲೆ ವರ್ಷಗಟ್ಟಲೆ ಹೋಗುವುದಿಲ್ಲ. ಕೊನೆಗೆ ನಮ್ಮ ಪಕ್ಕದ ಮನೆಯ ಅಜ್ಜಿಯೇ ದಾರಿ ತೋರಿಸಿದರು: ತಗಡಿನ ತಟ್ಟೆಯಲ್ಲಿ ಮರಳು ಹರಡಿ, ಅದರ ಮೇಲೆ ಹಣತೆ ಇಟ್ಟು, ದಡದಲ್ಲಿ ಸಾಲಾಗಿ ಜೋಡಿಸುವುದು. ಸೇತುವೆಯ ಮೇಲೆ ಒಂದೂ ಇಲ್ಲ. ನಿಜ ಹೇಳಬೇಕೆಂದರೆ ನನ್ನ ಎಲ್‌ಇಡಿಗಿಂತ ಆ ಸಾಲೇ ಜನರನ್ನು ಹೆಚ್ಚು ಹೊತ್ತು ನಿಲ್ಲಿಸಿತು.

ಎಲ್ಲ ಕಂಬಕ್ಕೂ ದೀಪ ಇಡಲಿಲ್ಲ. ಒಂದು ಬಿಟ್ಟು ಒಂದಕ್ಕೆ ಇಟ್ಟೆವು. ನಡುವಿನ ಕತ್ತಲಿನಿಂದಲೇ ಬೆಳಗಿದ ಕಂಬಕ್ಕೆ ಗಾತ್ರ ಬರುತ್ತದೆ. ನದಿಯ ಮೇಲ್ದಿಕ್ಕಿನಲ್ಲಿ ರಂಗನತಿಟ್ಟು ಪಕ್ಷಿಧಾಮ ಇದೆ, ಜೊತೆಗೆ ಅದು ಬಾವಲಿಗಳು ಹೊರಡುವ ಹೊತ್ತು. ಅದಕ್ಕಾಗಿ ಪ್ರತಿ ದೀಪಕ್ಕೂ ತಗಡಿನ ಮರೆ ಕಟ್ಟಿ, ತೊಲೆಯಿಂದಾಚೆಗೆ ಬೆಳಕು ಹೋಗದಂತೆ ಮಾಡಿ, ಒಂಬತ್ತು ಗಂಟೆಗೆ ಮೇನ್ ಸ್ವಿಚ್ ಆರಿಸಿದೆವು. ಇನ್ನೊಂದು ಗಂಟೆ ಇರಲಿ ಎಂದು ಕೇಳಿದವರು ಬಹಳ. ಕಾವೇರಿಯಿಂದ ಶಿವನಸಮುದ್ರದಲ್ಲಿ ಕರೆಂಟ್ ತೆಗೆದದ್ದೇ 1902ರಲ್ಲಿ, ಅದಕ್ಕೂ ಮುಂಚೆ ಸುಮಾರು ನೂರು ವರ್ಷ ಈ ಸೇತುವೆ ಕತ್ತಲಲ್ಲೇ ಚೆನ್ನಾಗಿತ್ತು ಎಂದು ಹೇಳಿ ಕಳಿಸಿದೆ.

ಈಗ ದಸರಾಕ್ಕೂ ಮಾಡಿಕೊಡಿ ಎನ್ನುತ್ತಿದ್ದಾರೆ. ದಸರಾ ಬರುವುದು ಮಳೆಗಾಲದ ಬಾಲದಲ್ಲಿ. ಕೃಷ್ಣರಾಜಸಾಗರ ತನ್ನ ಗರಿಷ್ಠ ಮಟ್ಟ 124.80 ಅಡಿಗೆ ತುಂಬಿರುವಾಗ ಒಳಹರಿವು ಹೆಚ್ಚಾದರೆ ಬಂದಷ್ಟನ್ನೂ ಹೊರಗೆ ಬಿಡಲೇಬೇಕು. ಹೊರಹರಿವು ಲಕ್ಷ ಕ್ಯುಸೆಕ್ ದಾಟಿದ ವರ್ಷಗಳಲ್ಲಿ ಈ ಸೇತುವೆಯ ಮೇಲಿನ ಸಂಚಾರವನ್ನೇ ನಿಲ್ಲಿಸುತ್ತಾರೆ. ಬಂಡೆಯ ಮೇಲೆ ದೀಪ ಇಡುವ ಮಾತೇ ಇಲ್ಲ. ದಡದ ಎರಡು ಕೊನೆಯ ಕಂಬಗಳಿಗೆ ಮಾತ್ರ, ಅದೂ ಆ ವಾರ ಅಣೆಕಟ್ಟೆಯಿಂದ ಎಷ್ಟು ನೀರು ಬಿಡುತ್ತಿದ್ದಾರೆ ಎಂದು ನೋಡಿಕೊಂಡು ಮಾಡುತ್ತೇನೆ ಎಂದಿದ್ದೇನೆ. ಕೇಳಿದವರು ಇನ್ನೂ ಒಪ್ಪಿಲ್ಲ.