ಏಲಕ್ಕಿ ಗೂಡಿನಲ್ಲಿ ಒಣಗಿದ ಪೆಪ್ಟೈಡ್ ಹಾಳೆ

ಮಡಿಕೇರಿಯ ಮಳೆಗಾಲದಲ್ಲಿ ಮಾಂಸ ಸುತ್ತುವ ಬರೀ ಚಿಟೋಸಾನ್ (ಸಿಗಡಿ ಚಿಪ್ಪಿನಿಂದ ತೆಗೆದ ವಸ್ತು) ಹಾಳೆ ಒಣಗುವುದೇ ಕಷ್ಟ, ಅದಕ್ಕೆ ಪೆಪ್ಟೈಡ್ (ಪ್ರೋಟೀನ್ ಒಡೆದಾಗ ಸಿಗುವ ಸಣ್ಣ ತುಂಡು) ಬೇರೆ ಯಾಕೆ ಅಂತ ಕೇಳಿದವರೇ ಎಲ್ಲ. ಈಗ ನಮ್ಮ ಹೊಗೆ ಹಿಡಿಸಿದ ಹಂದಿಮಾಂಸ ಆ ಹಾಳೆಯಲ್ಲೇ ಅಂಗಡಿಗೆ ಹೋಗುತ್ತಿದೆ.

ಪೆಪ್ಟೈಡ್ ಮಾಡಲು ಮೊದಲು ಪನೀರ್ ಮಾಡಿ ಉಳಿದ ನೀರಿನಿಂದ ಶುರು ಮಾಡಿದೆ. ಪುಕ್ಕಟೆ ಸಿಗುತ್ತದೆ ಅಲ್ವಾ. ಆದರೆ ಅದರಲ್ಲಿರುವ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಬಿಸಿಗೆ ಪೆಪ್ಟೈಡ್ ಜೊತೆ ಸೇರಿ ಹಾಳೆ ಕಂದಾಗುತ್ತಿತ್ತು. ಯಾರೂ ಕೊಳ್ಳಲಿಲ್ಲ. ಸುಮಾರು 40 ಸಾವಿರ ಅಲ್ಲೇ ಹೋಯಿತು. ಆಮೇಲೆ ಕೆನೆ ತೆಗೆದ ಹಾಲಿಗೆ ಬಂದೆ. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 4.6ಕ್ಕೆ ಇಳಿಸಿ ಹಾಲಿನ ಪ್ರೋಟೀನ್ ಆದ ಕೇಸಿನ್ ಬೇರೆ ಮಾಡಿ, ಚೆನ್ನಾಗಿ ತೊಳೆದು, ಸೋಡಾದಿಂದ 7ಕ್ಕೆ ತಂದು ಪಪೇನ್ (ಪ್ರೋಟೀನ್ ಒಡೆಯುವ ಪರಂಗಿ ಹಣ್ಣಿನ ಕಿಣ್ವ) ಹಾಕಿದೆ. 60 ಡಿಗ್ರಿ ಆಸುಪಾಸು. ಎಷ್ಟು ಹೊತ್ತಿಗೆ ನಿಲ್ಲಿಸುತ್ತೇನೆ ಅನ್ನುವುದು ನನ್ನಲ್ಲೇ ಇರಲಿ. ಜಾಸ್ತಿ ಬಿಟ್ಟರೆ ಕಹಿ ಬರುತ್ತದೆ.

ಪಪೇನ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. 90 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷವಾದರೂ ಇಡಿ. ಸ್ವಲ್ಪ ಉಳಿದರೂ ಹಾಳೆಯಿಂದ ಇಳಿದು ಮಾಂಸವನ್ನೇ ಮೆತ್ತಗೆ ಮಾಡುತ್ತದೆ. ಚಿಟೋಸಾನ್‌ಗೆ ಬೆರೆಸುವ ಮುಂಚೆ ಪೆಪ್ಟೈಡ್ ನೀರನ್ನು ಪಿಎಚ್ 5ಕ್ಕೆ ಇಳಿಸಿ ಸೋಸಿ, ಇಲ್ಲದಿದ್ದರೆ ಚಿಟೋಸಾನ್ ಗಂಟು ಕಟ್ಟುತ್ತದೆ. ನಾನು ಚಿಟೋಸಾನ್‌ನ ಹತ್ತರಲ್ಲಿ ಒಂದು ಪಾಲು ಪೆಪ್ಟೈಡ್ ಹಾಕುತ್ತೇನೆ. ಹಾಳೆ ಮೆದುವಾಗಲು ಹಾಕುವ ಗ್ಲಿಸರಾಲ್ ಕಡಿಮೆ ಮಾಡಲೇಬೇಕು, ಪೆಪ್ಟೈಡ್ ಕೂಡ ಹಾಳೆಯನ್ನು ಮೆದು ಮಾಡುತ್ತದೆ.

ಚಿಟೋಸಾನನ್ನು ಅಸಿಟಿಕ್ ಆಸಿಡ್ ಬದಲು ಕಾಚಂಪುಳಿಯಲ್ಲೂ (ಕೊಡಗಿನ ಕಪ್ಪು ಹುಳಿ) ಕರಗಿಸಿ ನೋಡಿದೆ. ಕರಗಿತು! ಆದರೆ ಹಾಳೆ ಕಪ್ಪು. ಮಾಂಸಕ್ಕೆ ಒಳ್ಳೆಯ ರುಚಿ ಕೊಟ್ಟಿತು. ಆ ಪ್ರಯತ್ನ ಇನ್ನೂ ಕೈಬಿಟ್ಟಿಲ್ಲ.

ಹಾಳೆ ಒಣಗಿಸಿದ್ದು ಏಲಕ್ಕಿ ಒಣಗಿಸುವ ಗೂಡಿನಲ್ಲಿ, 45 ಡಿಗ್ರಿ ದಾಟದ ಹಾಗೆ. ಸೀಸನ್ ಇಲ್ಲದಾಗ ಅದು ಸುಮ್ನೆ ಖಾಲಿ ನಿಂತಿರುತ್ತದೆ. ಡ್ರೈಯರ್‌ಗೆ ಒಂದೂವರೆ ಲಕ್ಷ ಕೇಳಿದ್ದರು, ಅದು ಪೂರ್ತಿ ಉಳಿಯಿತು. ಹೊರಮೈಗೆ ಜೇನುಮೇಣ ತೆಳ್ಳಗೆ ಬಳಿಯುತ್ತೇನೆ. ಮೇಣ ಇಲ್ಲದಿದ್ದರೆ ನಮ್ಮ ಹವೆಗೆ ಹಾಳೆ ಅಂಟಂಟಾಗುತ್ತದೆ. ಮೇಣ ಹಿಡಿದು ನಿಲ್ಲುವ ಹಾಗೆ ಮಾಡುವುದು ಹೇಗೆ ಅನ್ನುವುದನ್ನೂ ಈಗ ಹೇಳುವುದಿಲ್ಲ.

ಒಂದೇ ಹಂದಿಯ ಮಾಂಸವನ್ನು ಮೂರು ಥರ ಸುತ್ತಿ ಇಟ್ಟೆ. ಪ್ಲಾಸ್ಟಿಕ್‌ನಲ್ಲಿ ಮೂರು ವಾರಕ್ಕೆ ಕೊಬ್ಬು ಕಮಟು ವಾಸನೆ ಬಂತು. ಪೆಪ್ಟೈಡ್ ಇಲ್ಲದ ಹಾಳೆಯಲ್ಲಿ ನಾಲ್ಕಕ್ಕೆ. ಪೆಪ್ಟೈಡ್ ಇರುವುದು ಆರು ವಾರದ ಹತ್ತಿರ ಹೋಯಿತು. ಕೊಬ್ಬು ಗಾಳಿಗೆ ಕೆಡುವುದನ್ನು ಪೆಪ್ಟೈಡ್ ತಡೆಯುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡೆ, ಮೂಗಾರೆ ಕೂಡ.

ಒಂದು ಹಾಳೆಗೆ ಸುಮಾರು 4 ರೂಪಾಯಿ ಬೀಳುತ್ತದೆ. ಚಿಟೋಸಾನ್ ಕೆಜಿಗೆ 1,500ರ ಆಸುಪಾಸು, ದುಬಾರಿ ಅಂದರೆ ಅದೊಂದೇ. ನೀವು ಮಾಡುವುದಾದರೆ ಲೇಬಲ್ ಮೇಲೆ ಹಾಲು ಮತ್ತು ಸಿಗಡಿ ಚಿಪ್ಪು ಎರಡನ್ನೂ ದೊಡ್ಡದಾಗಿ ಬರೆಯಿರಿ, ಅಲರ್ಜಿ ಇರುವವರು ಇರುತ್ತಾರೆ.