ಯುಗಾದಿಗೆ ಮಕ್ಕಳ ಹೂವಿನ ಟೊಪ್ಪಿಗೆ: ಮೊದಲು ಅಳತೆ, ಆಮೇಲೆ ಅಲಂಕಾರ

ಗುಳೇದಗುಡ್ಡದಲ್ಲಿ ಖಣದ ಕುಪ್ಪಸ ಹೊಲಿಯುವುದು ನನ್ನ ಕಸುಬು. ಹೀಗಾಗಿ ಬೋಗುಣಿಯ ಮೇಲೆ ದಿನಪತ್ರಿಕೆ ಅಂಟಿಸಿ ಮಾಡುವ ಈ ಟೊಪ್ಪಿಗೆಯ ವಿಷಯದಲ್ಲೂ ನನ್ನ ಮೊದಲ ಮಾತು ಅಳತೆಯದೇ. ಎಷ್ಟು ಚೆಂದದ ಹೂ ಅಂಟಿಸಿದರೂ ಕಣ್ಣಿನ ಮೇಲೆ ಜಾರುವ ಟೊಪ್ಪಿಗೆಯನ್ನು ಮಗು ತಲೆಯ ಮೇಲೆ ಇರಗೊಡುವುದಿಲ್ಲ. ಹುಬ್ಬಿಗಿಂತ ಸ್ವಲ್ಪ ಮೇಲೆ, ಕಿವಿಗಳ ಮೇಲ್ಭಾಗದಿಂದ ಟೇಪು ಸುತ್ತಿ ಅಳೆಯಿರಿ. ಆರೇಳು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ 20ರಿಂದ 21 ಇಂಚು ಬರುತ್ತದೆ. ಅದಕ್ಕೆ ಅರ್ಧ ಇಂಚು ಸೇರಿಸಿ, ಬಾಯಿಯ ಸುತ್ತಳತೆ ಅಷ್ಟೇ ಇರುವ ಸ್ಟೀಲ್ ಬೋಗುಣಿಯನ್ನು ಹುಡುಕಿ. ಬಾಯಿ ಆರೂವರೆಯಿಂದ 7 ಇಂಚು ಅಗಲ, ಆಳ 4 ಇಂಚು ಇದ್ದರೆ ಸರಿ. ಬಾಯಿಗಿಂತ ಹೊಟ್ಟೆ ದೊಡ್ಡದಿರುವ ಪಾತ್ರೆ ಬೇಡ. ಒಣಗಿದ ಮೇಲೆ ಟೊಪ್ಪಿಗೆ ಬಿಡಿಸಿಕೊಳ್ಳುವುದಿಲ್ಲ.

ಅಂಟನ್ನು ಮನೆಯಲ್ಲೇ ಕಾಯಿಸಿ. ಒಂದು ಬಟ್ಟಲು ಮೈದಾವನ್ನು ನಾಲ್ಕು ಬಟ್ಟಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಂಜಿಯ ಹದಕ್ಕೆ ಬರುವವರೆಗೆ ಕೈಬಿಡದೆ ತಿರುವಿ. ಪುಸ್ತಕ ಕಟ್ಟುವವರು ಹುಳು ಬೀಳದಿರಲೆಂದು ಇದಕ್ಕೆ ಮೈಲುತುತ್ತ ಬೆರೆಸುವುದುಂಟು. ಮಕ್ಕಳು ಕೈಯಾಡಿಸುವ ಅಂಟಿಗೆ ಆ ವಿಷ ಬೇಡವೇ ಬೇಡ.

ಬೋಗುಣಿಗೆ ಹೊರಗಿನಿಂದ ಎಣ್ಣೆ ಸವರಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಬೋರಲು ಹಾಕಿ. ದಿನಪತ್ರಿಕೆಯ ಜೋಡಿ ಪುಟವನ್ನು ಬಿಚ್ಚಿ ಅದರ ಮೇಲೆ ಹೊದಿಸಿ, ಅಂಟು ಬಳಿಯಿರಿ. ಎರಡನೆಯ ಹಾಳೆಯನ್ನು ಓರೆಯಾಗಿ ಹೊದಿಸಿ, ಮೂರನೆಯದನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿ. ಹೀಗೆ ನಾಲ್ಕು ಹಾಳೆಗಳಾದರೆ ಸಾಕು. ಬುಡದಲ್ಲಿ ಸುತಳಿಯಿಂದ ಬಿಗಿಯಾಗಿ ಸುತ್ತಿ ಕಟ್ಟಿ, ಹೊರಗೆ ಹರಡಿದ ಕಾಗದವನ್ನು ನೆಲಕ್ಕೆ ಒತ್ತಿ. ಅದೇ ಟೊಪ್ಪಿಗೆಯ ಅಂಚು. ನಮ್ಮ ಕಡೆಯ ಬಿಸಿಲನ್ನು ನೆಚ್ಚಿ ಅಂಗಳದಲ್ಲಿ ಇಡಬೇಡಿ. ಮೇಲ್ಪದರ ಬೇಗ ಒಣಗಿ ಅಂಚು ಮುರುಟುತ್ತದೆ. ಗಾಳಿಯಾಡುವ ಪಡಸಾಲೆಯೇ ಲೇಸು. ಪೂರ್ತಿ ಒಣಗಿದ ಮೇಲೆ ಬಿಡಿಸಿ, ಅಂಚನ್ನು ಎರಡೂವರೆ ಇಂಚು ಉಳಿಸಿ ದುಂಡಗೆ ಕತ್ತರಿಸಿ.

ಇನ್ನು ಮುಂದಿನದು ಮಕ್ಕಳ ಪಾಲು. ದಯವಿಟ್ಟು ಅಂಗಡಿಯ ಪ್ಲಾಸ್ಟಿಕ್ ಹೂಗಳನ್ನು ತರಬೇಡಿ. ವಸಂತ ನಮ್ಮೂರಿಗೆ ಯಾವ ರೂಪದಲ್ಲಿ ಬರುತ್ತದೆಯೋ ಅದನ್ನೇ ಮಕ್ಕಳು ನೋಡಿ ಮಾಡಲಿ. ಎಲೆಯುದುರಿಸಿ ಹೂವಷ್ಟೇ ಹೊತ್ತ ಮುತ್ತುಗದ ಮರವನ್ನು ಮೊದಲು ತೋರಿಸಿ. ಅದರ ಎಸಳು ಗಿಳಿಯ ಕೊಕ್ಕಿನಂತೆ ಬಾಗಿರುತ್ತದೆ, ತೊಟ್ಟಿನ ಬಟ್ಟಲು ಕಪ್ಪುಮಿಶ್ರಿತ ಕಂದು, ಮುಟ್ಟಿದರೆ ಮಖಮಲ್ಲು. ಕೇಸರಿ ಕ್ರೇಪ್ ಕಾಗದದ ಸುಕ್ಕುಗಳು ಉದ್ದಕ್ಕೆ ಬರುವಂತೆ ಎಸಳು ಕತ್ತರಿಸಿ, ನಡುವೆ ಎರಡೂ ಹೆಬ್ಬೆರಳಿನಿಂದ ಅಗಲಕ್ಕೆ ಮೆಲ್ಲಗೆ ಎಳೆದರೆ ಆ ಬಾಗು ತಾನೇ ಮೂಡುತ್ತದೆ. ತೊಟ್ಟಿಗೆ ಕಂದು ಬಟ್ಟೆಯ ಚೂರು ಸುತ್ತಿ.

ಬೇವಿನ ಹೂವಿಗೆ ನನ್ನ ಆಯ್ಕೆ ಜೋಳದ ದಂಟಿನ ಬೆಂಡು. ಹಿಂಗಾರಿ ಜೋಳದ ರಾಶಿ ಮುಗಿದು ಕಣಿಕೆ ಬಣವೆ ಸೇರುವ ಹೊತ್ತು ಇದೇ. ದಂಟಿನ ಸಿಪ್ಪೆ ಬ್ಲೇಡಿನಷ್ಟೇ ಹರಿತ, ಅದನ್ನು ದೊಡ್ಡವರೇ ಸುಲಿಯಬೇಕು. ಒಳಗಿನ ಬಿಳಿ ಬೆಂಡನ್ನು ಕತ್ತರಿಯಿಂದ ಸಣ್ಣ ಚೂರು ಮಾಡಿ, ದಾರದ ಎಳೆಗಳಿಗೆ ಅಂಟಿಸಿ ಗೊಂಚಲು ಕಟ್ಟಲಿ. ಇದಕ್ಕೆ ಭಾರವೇ ಇಲ್ಲ. ಮಾವಿನ ಚಿಗುರಿಗೆ ಹಳೆಯ ಲಗ್ನಪತ್ರಿಕೆಗಳ ಕೆಂಪು, ತಾಮ್ರದ ಬಣ್ಣದ ಭಾಗಗಳು ಸಾಕು.

ಕೊನೆಗೆ ಸುತ್ತುಪಟ್ಟಿ. ಖಣದ ಉಳಿಕೆ ತುಂಡನ್ನು ಒಂದೂವರೆ ಇಂಚು ಅಗಲಕ್ಕೆ ಮಡಚಿ, ಸುತಳಿಯ ಗುರುತು ಮುಚ್ಚುವಂತೆ ಅಂಟಿಸಿ. ಹೂಗಳ ತೊಟ್ಟುಗಳನ್ನು ಅದರೊಳಗೆ ಸಿಗಿಸಿ. ಎಲ್ಲವನ್ನೂ ಮುಂದೆಯೇ ಹೇರಿದರೆ ಟೊಪ್ಪಿಗೆ ಮೂಗಿನ ಮೇಲೆ ಬೀಳುತ್ತದೆ, ಆದ್ದರಿಂದ ಒಂದು ಬದಿಗೆ ಮುತ್ತುಗ, ಎದುರು ಬದಿಗೆ ಬೇವು. ಗದ್ದದ ಕೆಳಗೆ ದಾರ ಕಟ್ಟಬೇಡಿ. ಓಡಾಡುವ ಮಕ್ಕಳ ಕೊರಳಿಗೆ ಅದು ಅಪಾಯ. ಸಡಿಲವೆನಿಸಿದರೆ ಒಳಸುತ್ತಿಗೆ ಹತ್ತಿಬಟ್ಟೆಯ ಪಟ್ಟಿಯನ್ನು ಎರಡು ಮಡಿಕೆ ಮಾಡಿ ಅಂಟಿಸಿ. ಬೆವರನ್ನೂ ಅದು ಹೀರುತ್ತದೆ.